ಅವರ ಹೆಸರಿನ ಟಿಕೆಟ್‌ಗಳು

ನಮ್ಮದು ಟೈಲ್ಸ್, ನಲ್ಲಿ, ಸಿಂಕು ಮಾರುವ ಸಂಸ್ಥೆ. ಕದ್ರಿಯಲ್ಲಿ ಆಫೀಸು, ಜೆಪ್ಪುವಿನಲ್ಲಿ ಗೋಡೌನು, ಸುರತ್ಕಲ್‌ನಲ್ಲಿ ಶೋರೂಮು. ಇಷ್ಟೂ ಕಡೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ನಾನು ಮುಖ್ಯಸ್ಥ. ಮುಖ್ಯಸ್ಥ ಎಂದರೆ ದೊಡ್ಡದೇನಲ್ಲ, ನನ್ನ ಕೈಕೆಳಗೆ ಇದ್ದದ್ದು ಇಬ್ಬರೇ. ಫೋನಿನ ಬಳಿ ಕೂರುವ ಒಬ್ಬ ಹುಡುಗಿ ಮತ್ತು ಸ್ಕೂಟರಿನಲ್ಲಿ ಊರು ಸುತ್ತುವ ಒಬ್ಬ ಹಳೆಯ ಟೆಕ್ನಿಷಿಯನ್. ಅವರನ್ನು ನಾನು ಅಣ್ಣ ಎಂದು ಕರೆಯುತ್ತಿದ್ದೆ. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಸೇರುವ ಎಷ್ಟೋ ಮೊದಲಿನಿಂದ ಅಲ್ಲಿದ್ದವರು.

ಕಂಪ್ಯೂಟರ್ ಕೈಕೊಟ್ಟರೆ ಹೆಚ್ಚಿನವರು ನಮ್ಮ ಹುಡುಗಿಗೆ ಫೋನ್ ಮಾಡುತ್ತಿರಲಿಲ್ಲ. ಸೀದಾ ಅಣ್ಣನ ಮೊಬೈಲಿಗೆ ಮಾಡುತ್ತಿದ್ದರು. ಮೊದಲು ಊಟ ಆಯ್ತಾ ಎಂದು ವಿಚಾರಿಸಿ, ಆಮೇಲೆ ಬಿಲ್ ಪ್ರಿಂಟ್ ಆಗುವುದಿಲ್ಲ ಎನ್ನುತ್ತಿದ್ದರು. ಅಣ್ಣ ಅರ್ಧದಷ್ಟನ್ನು ಫೋನಿನಲ್ಲೇ ಸರಿ ಮಾಡಿಬಿಡುತ್ತಿದ್ದರು. ಉಳಿದದ್ದಕ್ಕೆ ಸ್ಕೂಟರ್ ಏರಿ ಹೋಗುತ್ತಿದ್ದರು. ಆದರೆ ಅವರ ನಿಜವಾದ ಕೆಲಸ ಇದಲ್ಲ. ಇಲ್ಲಿಯ ಉಪ್ಪುಗಾಳಿಗೆ ಯಂತ್ರದ ಒಳಗಿನ ಲೋಹದ ತುದಿಗಳೆಲ್ಲ ಮಂಕಾಗುತ್ತವೆ, ಒಂದು ದಿನ ಇದ್ದಕ್ಕಿದ್ದಂತೆ ಯಂತ್ರ ಏಳುವುದಿಲ್ಲ. ಅಣ್ಣ ಮಳೆಗಾಲಕ್ಕೆ ಮುಂಚೆ ಒಂದೊಂದೇ ಯಂತ್ರ ಬಿಚ್ಚಿ, ಮೆಮೊರಿ ಕಾರ್ಡು ಹೊರತೆಗೆದು, ಅದರ ತುದಿಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಿದ್ದರು. ಗೋಡೌನಿನಲ್ಲಿ ನೀರು ಹರಿಯುವ ಮೂಲೆ ಅವರಿಗೆ ಗೊತ್ತಿತ್ತು, ಅಲ್ಲಿಯ ಯುಪಿಎಸ್ಸನ್ನು ಕಲ್ಲಿನ ಮೇಲೆ ಎತ್ತಿಡುತ್ತಿದ್ದರು. ಗುಡುಗು ಶುರುವಾದರೆ ಎಲ್ಲ ಕಡೆಗೂ ಫೋನ್ ಮಾಡಿ, ವಯರ್ ತೆಗೆಯಿರಿ, ಮತ್ತೆ ನನಗೆ ಬೈಬೇಡಿ ಎನ್ನುತ್ತಿದ್ದರು.

ಹೀಗಿರುವಾಗ ನಮ್ಮ ಸಣ್ಣ ಧಣಿ, ಎಂದರೆ ಸಂಸ್ಥೆಯ ಮಾಲೀಕರಾದ ಹಾಜಿಯವರ ಮಗ, ದುಬೈಯಿಂದ ಬಂದು ವ್ಯವಹಾರ ವಹಿಸಿಕೊಂಡರು. ಒಳ್ಳೆಯ ಮನುಷ್ಯ, ಯಾರ ಮೇಲೂ ಸ್ವರ ಎತ್ತಿದವರಲ್ಲ. ಅವರು ಅಲ್ಲಿ ಕೆಲಸ ಮಾಡಿದ ಕಂಪೆನಿಯಲ್ಲಿ ಎಲ್ಲವೂ ಒಂದು ಪದ್ಧತಿಯ ಪ್ರಕಾರ ನಡೆಯುತ್ತಿತ್ತಂತೆ. ಪ್ರಪಂಚದ ದೊಡ್ಡ ದೊಡ್ಡ ಸಂಸ್ಥೆಗಳ ಅನುಭವವನ್ನೆಲ್ಲ ಸೋಸಿ ಮಾಡಿದ ಪದ್ಧತಿಯಂತೆ. ಬೆಂಗಳೂರಿನಿಂದ ಒಬ್ಬ ಸಲಹೆಗಾರರು ಬಂದು ನನ್ನನ್ನು ಎರಡು ದಿನ ಕೂರಿಸಿ ಕಲಿಸಿದರು. ಯಂತ್ರ ನಿಂತರೆ ಅದು ಘಟನೆ, ಯಾಕೆ ನಿಂತಿತು ಎಂಬುದು ಸಮಸ್ಯೆ, ಎರಡನ್ನೂ ಒಟ್ಟು ಮಾಡಬಾರದು. ಪ್ರತಿಯೊಂದಕ್ಕೂ ಒಂದು ಟಿಕೆಟ್, ಎಂದರೆ ಕಂಪ್ಯೂಟರಿನಲ್ಲಿ ತುಂಬುವ ಒಂದು ಫಾರ್ಮು. ಟಿಕೆಟ್ ಇಲ್ಲದೆ ಯಾರೂ ಯಾವುದನ್ನೂ ಮುಟ್ಟಬಾರದು. ಹಾಳಾಗುವ ಮೊದಲೇ ಸರಿ ಮಾಡಿದರೆ ಎಲ್ಲಿ ಬರೆಯುವುದು ಎಂದು ಕೇಳಿದೆ. ಅವರು ಖುಷಿಯಿಂದ ನಕ್ಕು, ಅದಕ್ಕೆ ಬೇರೆಯೇ ಫಾರ್ಮು ಇದೆ ಎಂದರು. ಅದು ಮೊದಲಿನದಕ್ಕಿಂತ ಉದ್ದ ಇತ್ತು. ನಾನು ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತೆಗೆದುಕೊಂಡೆ. ಅದರ ಒಂದು ಅಕ್ಷರವನ್ನೂ ನಾನು ನಂಬಲಿಲ್ಲ. ಮನೆಯಲ್ಲಿ ಹೆಂಡತಿಯ ಮುಂದೆ ಇದನ್ನೇ ಹೇಳಿ ನಗುತ್ತಿದ್ದೆ. ಚಟ್ನಿಗೆ ಉಪ್ಪು ಕಡಿಮೆ ಎಂದರೆ ಅವಳು, ಟಿಕೆಟ್ ಹಾಕಿ, ನೋಡುವ ಎನ್ನುತ್ತಿದ್ದಳು.

ಅಣ್ಣನಿಗೆ ಆ ಫಾರ್ಮು ಸಾಗಲಿಲ್ಲ. ಇಂಗ್ಲಿಷು, ಸಣ್ಣ ಅಕ್ಷರ, ಒಂದು ಖಾನೆ ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಎರಡು ದಿನ ಕೂತು ಬೆವರಿ ಮೂರನೆಯ ದಿನ ನನ್ನ ಮೇಜಿನ ಹತ್ತಿರ ಬಂದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾರಾಯ್ರೆ, ನನಗೊಂದು ಉಪಕಾರ ಆಗ್ಬೇಕು. ನಾನು ಸಂಜೆ ಬಂದು ಮಾಡಿದ್ದನ್ನು ಹೇಳ್ತೇನೆ. ನೀವು ಬರೀತೀರಾ?"

"ಅದಕ್ಕೆಂತ ಅಣ್ಣ, ಬರೆಯುವ."

ಹಾಗೆ ಶುರುವಾಯಿತು. ಸಂಜೆ ಐದು ಗಂಟೆಗೆ ಅವರು ಬಂದು ಹೆಲ್ಮೆಟನ್ನು ಮಡಿಲಲ್ಲಿ ಇಟ್ಟುಕೊಂಡು ಎದುರು ಕೂರುತ್ತಿದ್ದರು. ಸುರತ್ಕಲ್‌ನಲ್ಲಿ ಎರಡು ಯಂತ್ರ ಉಜ್ಜಿದೆ, ಗೋಡೌನಿನಲ್ಲಿ ಇಲಿ ಕಡಿದ ವಯರು ಬದಲಿಸಿದೆ, ಫೋನಿನಲ್ಲಿ ನಾಲ್ಕು ಜನರಿಗೆ ಹೇಳಿಕೊಟ್ಟೆ. ಅವರು ಹೇಳುವುದಕ್ಕೆ ಎರಡು ನಿಮಿಷ, ನಾನು ತುಂಬುವುದಕ್ಕೆ ಮುಕ್ಕಾಲು ಗಂಟೆ. ಪರಿಣಾಮ ಎಷ್ಟು ಜನರಿಗೆ? ತುರ್ತು ಎಷ್ಟು? ಮೂಲಕಾರಣ ಏನು? ಸಮುದ್ರ ಎಂದು ಬರೆಯಲು ಕೈ ತುರಿಸುತ್ತಿತ್ತು, ಆದರೆ ಅಲ್ಲಿ ಪಟ್ಟಿಯಲ್ಲಿದ್ದುದನ್ನು ಮಾತ್ರ ಆರಿಸಬಹುದಿತ್ತು.

ಒಂದು ತಿಂಗಳು ಬರೆದಿರಬೇಕು. ಆಮೇಲೆ ಒಂದು ಸಂಜೆ ನಾಳೆ ತುಂಬಿದರಾಯಿತು ಎಂದು ಬಿಟ್ಟೆ. ಮರುದಿನ ಎರಡು ದಿನದ್ದು ಸೇರಿತು, ಅದನ್ನೂ ಬಿಟ್ಟೆ. ಯಾರು ನೋಡುತ್ತಾರೆ ಈ ಕಸವನ್ನು ಎಂದುಕೊಂಡೆ. ಇಂಥ ಪದ್ಧತಿಗಳು ಬರುತ್ತವೆ, ವರ್ಷ ಕಳೆದರೆ ಯಾರಿಗೂ ನೆನಪಿರುವುದಿಲ್ಲ ಎಂಬ ಧೈರ್ಯ ನನಗೆ. ಅಣ್ಣ ಮಾತ್ರ ಒಂದು ಸಂಜೆಯೂ ತಪ್ಪಿಸಲಿಲ್ಲ. ಬರುತ್ತಿದ್ದರು, ಹೇಳುತ್ತಿದ್ದರು. ನಾನು ಕೀಬೋರ್ಡಿನ ಮೇಲೆ ಕೈ ಆಡಿಸುತ್ತಾ ನನ್ನ ಬೇರೆ ಯಾವುದೋ ಮೇಲ್ ಬರೆಯುತ್ತಿದ್ದೆ.

"ಬರೆದಿರಾ?"

"ಬರೆದೆ ಅಣ್ಣ."

ಹೆಲ್ಮೆಟ್ ಹಾಕಿಕೊಂಡು ಹೊರಡುತ್ತಿದ್ದರು.

ವರ್ಷದ ಕೊನೆಗೆ ಸಣ್ಣ ಧಣಿ ನನ್ನನ್ನು ಕೋಣೆಗೆ ಕರೆದರು. ಪರದೆಯ ಮೇಲೆ ಮೂರು ಹೆಸರು, ಹೆಸರಿನ ಮುಂದೆ ತಿಂಗಳಿಗೊಂದರಂತೆ ಬಣ್ಣದ ಕಂಬ. ಹುಡುಗಿಯದ್ದು ಉದ್ದ ಇತ್ತು, ಅವಳು ಬಂದ ಫೋನನ್ನೆಲ್ಲ ಟಿಕೆಟ್ ಮಾಡುವವಳು. ನನ್ನದು ಸಾಧಾರಣ. ಅಣ್ಣನದ್ದು ಮೊದಲ ತಿಂಗಳಲ್ಲಿ ಸ್ವಲ್ಪ ಎದ್ದು, ಆಮೇಲೆ ನೆಲಕ್ಕೆ ಅಂಟಿಕೊಂಡಿತ್ತು.

"ಇವರು ಇಡೀ ದಿನ ಎಂತ ಮಾಡ್ತಾರೆ?" ಎಂದು ಅವರು ಕೇಳಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು.

"ಕೆಲಸ ಮಾಡ್ತಾರೆ ಸರ್. ತುಂಬ ಮಾಡ್ತಾರೆ."

"ಇದರಲ್ಲಿ ಎಲ್ಲಿ ಉಂಟು ತೋರಿಸಿ."

ಅವರು ಹೇಳಿದ್ದನ್ನು ನಾನು ಬರೆಯಲಿಲ್ಲ ಸರ್, ಎಂದರೆ ಸಾಕಿತ್ತು. ಸರಿಯಾದ ಜಾಗ, ಸರಿಯಾದ ಸಮಯ, ಕೇಳುವ ಮನುಷ್ಯನೂ ಎದುರಿಗಿದ್ದ. ನಾನು ಆ ಪದ್ಧತಿಯೇ ಸರಿಯಿಲ್ಲ, ಕಂಬ ನೋಡಿ ಮನುಷ್ಯನನ್ನು ಅಳೆಯಲಿಕ್ಕಾಗುವುದಿಲ್ಲ ಎಂದು ಹತ್ತು ನಿಮಿಷ ಮಾತಾಡಿದೆ. ಮಾತಾಡಿದ್ದೆಲ್ಲ ಸರಿಯೇ. ಹೇಳಬೇಕಾದ ಒಂದು ವಾಕ್ಯ ಮಾತ್ರ ಅದರಲ್ಲಿರಲಿಲ್ಲ. ಅವರು ತಾಳ್ಮೆಯಿಂದ ಕೇಳಿ ತಲೆಯಾಡಿಸಿದರು. ಮುಂದಿನ ತಿಂಗಳು ಅಣ್ಣನನ್ನು ಕೆಲಸದಿಂದ ಬಿಡಿಸಿದರು. ಕೊನೆಯ ದಿನ ಎಲ್ಲರೂ ಸೇರಿ ಐಸ್‌ಕ್ರೀಮ್ ತಿಂದೆವು. ಅವರು ತಮ್ಮ ಚೀಲದಿಂದ ಹೊಸ ರಬ್ಬರುಗಳ ಒಂದು ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ನನಗೆ ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಹಲ್ಲು ಕೀಳಿಸಿದ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ಅಷ್ಟೇ. ಮುಟ್ಟಿದರೆ ಗೊತ್ತಾಗುವುದಿಲ್ಲ.

ಅವರು ಹೋದ ಮೇಲೆ ಎಲ್ಲ ಕೆಟ್ಟು ಕೂರುತ್ತದೆ, ಆಗ ಇವರಿಗೆ ಬುದ್ಧಿ ಬರುತ್ತದೆ ಎಂದು ನಾನು ಕಾದೆ. ಕೆಡಲಿಲ್ಲ. ಟಿಕೆಟ್‌ಗಳು ತಿಂಗಳಿಂದ ತಿಂಗಳಿಗೆ ಕಡಿಮೆಯಾದವು. ಸಣ್ಣ ಧಣಿ ಒಂದು ಸಭೆಯಲ್ಲಿ ಪದ್ಧತಿ ಫಲ ಕೊಟ್ಟಿತು ಎಂದು ನನಗೆ ಶಾಲು ಹೊದಿಸಿದರು. ಕಾರಣ ಗೊತ್ತಾದದ್ದು ಸುರತ್ಕಲ್ ಶೋರೂಮಿಗೆ ಹೋದಾಗ. ಬಿಲ್ಲಿನ ಮೇಜಿನಲ್ಲಿದ್ದ ಹೆಂಗಸು ಭುಜಕ್ಕೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು, ಯಂತ್ರದ ಮುಚ್ಚಳ ತೆಗೆದಿಟ್ಟು, ಕೈಯಲ್ಲಿ ರಬ್ಬರ್ ಹಿಡಿದು ನಿಂತಿದ್ದರು. "ಉಜ್ಜಿದೆ ಅಣ್ಣ, ಈಗ ಎಂತ ಮಾಡ್ಬೇಕು?" ಎನ್ನುತ್ತಿದ್ದರು. ಯಾರೂ ಅವರ ನಂಬರು ಅಳಿಸಿರಲಿಲ್ಲ. ಮೊದಲು ಆಫೀಸಿಗೆ ಮಾಡುತ್ತಿದ್ದವರೂ ಈಗ ಟಿಕೆಟ್ಟಿನ ರಗಳೆ ಬೇಡವೆಂದು ಅವರಿಗೇ ಮಾಡುತ್ತಿದ್ದರು. ಕೆಲಸ ಹೋದ ಮನುಷ್ಯ ಮೊದಲಿನ ಹಾಗೆಯೇ ಫೋನ್ ತೆಗೆಯುತ್ತಿದ್ದರು, ಗುಡುಗಿದರೆ ತಾವೇ ಮಾಡುತ್ತಿದ್ದರು. ಆ ಶಾಲು ಈಗಲೂ ನಮ್ಮ ಮನೆಯ ಕಪಾಟಿನಲ್ಲಿ ಉಂಟು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕದ್ರಿಯ ಆಫೀಸಿನ ಮುಖ್ಯ ಯಂತ್ರವೇ ಏಳಲಿಲ್ಲ. ಮೂರೂ ಕಡೆ ಬಿಲ್ಲು ನಿಂತಿತು. ನಾನು ಬಲ್ಲದ್ದನ್ನೆಲ್ಲ ಮಾಡಿ ನೋಡಿ ಕೊನೆಗೆ ಅವರಿಗೆ ಫೋನ್ ಮಾಡಿದೆ. ಅವರು ಈಗ ಜೆಪ್ಪುವಿನಲ್ಲಿ ಭಾವನ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಕೂರುತ್ತಾರೆ. ಹಿಂದಿನಿಂದ ಮಿಕ್ಸಿಯ ಸದ್ದು ಕೇಳುತ್ತಿತ್ತು. ಎಡಗಡೆಯ ಎರಡನೆಯ ಕಾರ್ಡು ತೆಗೆಯಿರಿ, ಮೆಲ್ಲ ಉಜ್ಜಿ, ಊದಬೇಡಿ, ಬಾಯಿಯ ಪಸೆ ತಾಗುತ್ತದೆ ಎಂದರು. ಅವರೇ ಕೊಟ್ಟ ರಬ್ಬರಿನಿಂದ ಉಜ್ಜಿದೆ. ಯಂತ್ರ ಎದ್ದಿತು.

"ಟಿಕೆಟ್ ಎಲ್ಲ ಕಡಿಮೆ ಆಗಿದೆಯಂತಲ್ಲ, ಒಳ್ಳೆಯದಾಯ್ತು," ಎಂದರು. ಮತ್ತೆ ಹೇಳಿದರು. "ನಾನು ಇಲ್ಲಿ ಕೂತು ಯೋಚನೆ ಮಾಡಿದ್ದುಂಟು ಮಾರಾಯ್ರೆ. ದಿನಾ ಸಂಜೆ ನಾನು ಹೇಳಿದ್ದನ್ನು ನೀವು ಒಂದೂ ಬಿಡದೆ ಬರೆದಿರಿ. ಆದರೂ ಸಣ್ಣ ಧಣಿ ತೋರಿಸಿದ ಲೆಕ್ಕದಲ್ಲಿ ನನ್ನ ಕೆಲಸ ಅಷ್ಟೇ ಇದ್ದದ್ದಲ್ಲ. ನಾನು ತುಂಬ ಕೆಲಸ ಮಾಡ್ತೇನೆ ಅಂತ ನನಗೆ ಸುಮ್ಮನೆ ಕಂಡದ್ದು."

ನಾನು ಬರೆಯಲಿಲ್ಲ ಎಂಬ ಆ ವಾಕ್ಯ ನನ್ನ ಬಾಯಿಯಲ್ಲೇ ಇತ್ತು.

"ಯಂತ್ರ ಆನ್ ಆಯ್ತು ಅಣ್ಣ," ಎಂದೆ.

"ಆಯ್ತಲ್ಲ. ಇಡ್ತೇನೆ ಹಾಗಾದ್ರೆ."

ನಾನು ಮುಚ್ಚಳದ ಸ್ಕ್ರೂ ತಿರುಗಿಸುತ್ತಿದ್ದಾಗ ಹುಡುಗಿ ತನ್ನ ಮೇಜಿನಿಂದಲೇ ಕೇಳಿದಳು. "ಸರ್, ಇದಕ್ಕೆ ಟಿಕೆಟ್ ಹಾಕ್ಲಿಕ್ಕೆ ಉಂಟಾ? ಸರಿ ಮಾಡಿದ್ದು ಯಾರು ಅಂತ ಬರೀಬೇಕು?"

ಬೇಡ ಎಂದೆ.