ದೇವರ ಜಗಲಿಯ ಬಿಲ್ಲೆ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಕಲ್ಲೋಳಿಯ ಕನ್ನಡ ಶಾಲೆಗೆ ಶಿಕ್ಷಕಿಯಾಗಿ ಸೇರಿದೆ. ಮನೆ ಗೋಕಾಕದಲ್ಲಿ. ದಿನಾ ಬಸ್ಸಿನ ಓಡಾಟ. ನನಗೆ ಹಳೆಯ ನಾಣ್ಯಗಳ ಹುಚ್ಚು ಹತ್ತಿಸಿದವರು ಮೂಡಲಗಿಯ ಒಬ್ಬ ಭಾಂಡೆ ವ್ಯಾಪಾರಿ. ಜೈನರು, ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ನಾನವರನ್ನು ಕಾಕಾ ಎನ್ನುತ್ತಿದ್ದೆ. ಹೊಸ ಪಾತ್ರೆ ಒಯ್ಯಲು ಬಂದವರು ಒಡೆದ ಕೊಡ, ಸೊಟ್ಟಾದ ಪರಾತಗಳ ಜೊತೆ ಮನೆಯ ಮೂಲೆಯಲ್ಲಿದ್ದ ತಾಮ್ರದ ದುಡ್ಡುಗಳನ್ನೂ ಸುರಿದು ಹೋಗುತ್ತಿದ್ದರು. ಕಾಕಾ ಅವನ್ನು ಬೇರೆ ಮಾಡಿ ಇಡುತ್ತಿದ್ದರು.

"ಭಟ್ಟಿಗೆ ಹಾಕಾಕ ಕೈನ ಏಳವಲ್ದ್ರಿ ಬಾಯಾರ. ಎಷ್ಟ ಮಂದಿ ಕೈಯಾಗ ತಿರಗಿರ್ತಾವೋ ಏನೋ."

ಒಮ್ಮೆ ಒಂದು ಗಿಂಡಿಯ ತಳದಲ್ಲಿ ಬೆಳ್ಳಿಯ ತಂತಿ ಸಿಕ್ಕಿತು. ನಡುವೆ ಮಡಿಸಿ, ಎರಡೂ ಕಾಲುಗಳನ್ನು ಜೋಡಿಸಿ ಬಡಿದಂತಿತ್ತು. ಚಪ್ಪಟೆಯಾದಲ್ಲಿ ಇರುವೆ ಸಾಲಿನಂಥ ಬರಹ. ನಾನು ತಲೆಗೆ ಚುಚ್ಚುವ ಪಿನ್ನು ಎಂದೆ. ಕಾಕಾ ಯಾವುದೋ ಆಭರಣದ ಕೊಂಡಿ ಎಂದರು. ಅಕ್ಕಸಾಲಿಗರನ್ನು ಕೇಳಿದೆವು, ಕಾಲೇಜಿನಲ್ಲಿ ಇತಿಹಾಸ ಹೇಳುವವರನ್ನು ಕೇಳಿದೆವು. ಯಾರಿಗೂ ತಿಳಿಯಲಿಲ್ಲ. ವರ್ಷಗಳು ಕಳೆದ ಮೇಲೆ, ಹುಕ್ಕೇರಿಯಲ್ಲಿ ಉರ್ದು ಶಾಲೆಯಿಂದ ನಿವೃತ್ತರಾದ ಮಾಸ್ತರರೊಬ್ಬರಿದ್ದಾರೆ, ಗುಮ್ಮಟಗಳ ಮೇಲಿನ ಫಾರಸಿ ಓದುತ್ತಾರೆ ಎಂದು ಯಾರೋ ಹೇಳಿದರು. ಒಂದು ರವಿವಾರ ಇಬ್ಬರೂ ಹೋದೆವು. ಅವರು ಬಾಗಿಲಲ್ಲಿ ನಿಂತು ತಂತಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಹೊರಳಿಸಿದರು.

"ಇದು ಪಿನ್ನ ಅಲ್ಲ ಬೇಟಿ. ಸಿಕ್ಕಾ ಐತಿ, ಸಿಕ್ಕಾ. ಆದಿಲಶಾಹಿ ಕಾಲದ ರೊಕ್ಕ ಇದು."

ತಂತಿಯ ಆಕಾರದ ನಾಣ್ಯ ಇರುತ್ತದೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಕಾಕಾ ಒಬ್ಬರೇ ನಗುತ್ತಿದ್ದರು. ಮುಂದಿನ ಸೀಟಿನವರು ಹೊರಳಿ ನೋಡಿದರೂ ನಿಲ್ಲಿಸಲಿಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲೆ ಗೋಕಾಕದಲ್ಲಿ ಸೈಬರ್ ಕೆಫೆಗಳು ಬಂದವು. ಕಾಕಾನನ್ನೂ ಕರೆದುಕೊಂಡು ಹೋಗಿ ಕೂತೆ. ಅದೇ ತಂತಿ ನಾಣ್ಯವನ್ನು ಹುಡುಕಿದೆ. ನಾನಿನ್ನೂ ಕುರ್ಚಿ ಸರಿಮಾಡಿಕೊಳ್ಳುವಷ್ಟರಲ್ಲಿ ಪರದೆಯ ತುಂಬ ಅಂಥವೇ ತಂತಿಗಳು. ಹೆಸರು, ಕಾಲ, ತೂಕ, ಬೆಲೆ ಎಲ್ಲ ಕೆಳಗೇ ಇತ್ತು. ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟ ಅದಾವನ್ರಿ?"

"ಇನ್ನೂ ಅದಾವ್ರಿ ಕಾಕಾ. ಕೆಳಗ ಸರಿಸಿದಷ್ಟೂ ಬರ್ತಾವು."

"ಸಾಕ್ ಬಿಡ್ರಿ," ಎಂದು ಅವರು ಎದ್ದುಬಿಟ್ಟರು.

ನಾನು ಏಳಲಿಲ್ಲ. ಆಮೇಲೆ ಕೆಲವು ವರ್ಷ ಆ ಕುರ್ಚಿಯೇ ನನ್ನ ಸಂತೆಯಾಯಿತು. ನಾಣ್ಯ ಕೂಡಿಸುವವರ ಗುಂಪಿಗೆ ಸೇರಿದೆ. ಎಂದೂ ಮುಖ ನೋಡದವರ ಜೊತೆ ಚೌಕಾಶಿ ಮಾಡಿದೆ. ಅಂಚೆಯಲ್ಲಿ ಪೊಟ್ಟಣಗಳು ಬಂದವು. ಪ್ಲಾಸ್ಟಿಕ್ ಚೀಲದಲ್ಲಿ ನಾಣ್ಯ, ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಅದರ ಇಡೀ ಚರಿತ್ರೆ. ನನಗೆ ಕೇಳುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ. ಡಬ್ಬಿಗಳು ತುಂಬಿದವು. ಕೆಲವು ಪೊಟ್ಟಣಗಳನ್ನು ಬಿಚ್ಚಲಿಕ್ಕೂ ಬೇಸರವಾಗಿ ಕಪಾಟಿನ ಮೇಲೆ ಎಸೆದಿದ್ದೆ. ಮೂಡಲಗಿಯ ಅಂಗಡಿಗೆ ಹೋಗುವುದು ಕಡಿಮೆಯಾಯಿತು. ಅಲ್ಲಿಯೂ ಹಿತ್ತಾಳೆ ಹಿಂದೆ ಸರಿದು ಸ್ಟೀಲು ಮುಂದೆ ಬಂದಿತ್ತು.

ಇಷ್ಟರಲ್ಲಿ ಒಂದು ಗಾಳಿ ಸುದ್ದಿ ಊರೂರಿಗೆ ಹಬ್ಬಿತು. ಹಳೆಯ ನಾಣ್ಯಕ್ಕೆ ನೆಟ್ಟಿನಲ್ಲಿ ಲಕ್ಷಗಟ್ಟಲೆ ಕೊಡುತ್ತಾರಂತೆ. ಶಾಲೆಯ ಗೇಟಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಜನ ನನ್ನೆದುರು ಅಂಗೈ ಬಿಚ್ಚತೊಡಗಿದರು. ಮೊದಲಾದರೆ "ಇದು ಯಾರ ಕಾಲದ್ದರಿ" ಎನ್ನುತ್ತಿದ್ದರು. ಈಗ ಎಲ್ಲರದೂ ಒಂದೇ ಪ್ರಶ್ನೆ, "ಎಷ್ಟ ಬರ್ತೈತ್ರಿ?" ಏನೂ ಬರುವುದಿಲ್ಲ ಎಂದು ಹೇಳಿ ಹೇಳಿ ನಾನು ಸೋತುಹೋದೆ.

ಹಾಗೆ ಬಂದವರಲ್ಲಿ ಮಸಗುಪ್ಪಿಯ ಒಬ್ಬ ಹೆಣ್ಣುಮಗಳಿದ್ದಳು. ಕುರಿ ಕಾಯುವ ಮನೆತನ, ಈಗ ತುಸು ಹೊಲವೂ ಇತ್ತು. ಬಹಳ ಹಿಂದೆ, ಶಾಲೆ ಬಿಟ್ಟಿದ್ದ ಅವಳ ಮಗಳನ್ನು ಮರಳಿ ಕಳಿಸೆಂದು ಹೇಳಲು ಅವರ ಮನೆಗೆ ಹೋಗಿದ್ದೆ. ಅಂದು ಅವಳು ದೇವರ ಜಗಲಿಯ ಮೇಲಿಂದ ಒಂದು ಬಿಲ್ಲೆ ತೆಗೆದು ನನ್ನ ಕೈಗಿಟ್ಟಿದ್ದಳು. ಒಂದು ಬದಿಗೆ ರಾಮ ಸೀತೆ, ಇನ್ನೊಂದು ಬದಿಗೆ ಹನುಮ. ಅವಳ ಅತ್ತೆ ಯಾತ್ರೆಗೆ ಹೋದಾಗ ತಂದದ್ದು. ಭಂಡಾರದ ಅರಿಸಿನ ಹಚ್ಚಿ, ತೊಳೆದು, ಮತ್ತೆ ಹಚ್ಚಿ ದೇವರ ಮುಖಗಳೇ ಸವೆದುಹೋಗಿದ್ದವು. ಮಗಳು ಶಾಲೆಗೆ ಬಂದಳು. ನಾನು ಆ ಕಡೆ ಹೋದಾಗಲೆಲ್ಲ ಅವಳ ಕಟ್ಟೆಯ ಮೇಲೆ ಕೂತು ಚಹಾ ಕುಡಿದೇ ಬರುತ್ತಿದ್ದೆ.

ಈ ಸಲ ಅವಳೇ ಗೋಕಾಕದ ನನ್ನ ಮನೆ ಹುಡುಕಿಕೊಂಡು ಬಂದಳು. ಸೆರಗಿನ ಗಂಟಿನಲ್ಲಿ ಆ ಬಿಲ್ಲೆ.

"ನಮ್ಮ ಅಳಿಯಾ ನೆಟ್ಟಿನ್ಯಾಗ ನೋಡ್ಯಾನ್ರಿ ಬಾಯಾರ. ಇಂಥಾದ್ದಕ್ಕ ಹತ್ತ ಲಕ್ಷ ಐತಂತ."

"ಯಕ್ಕಾ, ಇದು ನಾಣ್ಯ ಅಲ್ಲ. ಗುಡಿ ಮುಂದ ಮಾರತಾರಲ್ಲ, ಆ ಬಿಲ್ಲಿ. ಜಗಲಿ ಮ್ಯಾಲ ಇಟ್ಟ ಪೂಜಿ ಮಾಡಾಕ ಮಾಡಿದ್ದು. ಯಾರೂ ಲಕ್ಷ ಕೊಡಾಂಗಿಲ್ಲ."

ಅವಳು ಸಿಟ್ಟಿಲ್ಲದೆ, ಸಂತೆಯಲ್ಲಿ ಮಾತಾಡಿದಷ್ಟು ಸಹಜವಾಗಿ ಕೇಳಿದಳು. "ನೀವೂ ತಗೊಳ್ಳಾರಲ್ರಿ? ಕಡಿಮಿ ಹೇಳಿದ್ರ ನಿಮಗ ಚಲೋ ಅಲ್ಲೇನ್ರಿ?"

ಅವಳು ಚಹಾ ಅರ್ಧಕ್ಕೆ ಬಿಟ್ಟು ಎದ್ದಳು.

ಮಳೆಗಾಲ ಮುಗಿದ ಮೇಲೆ ಸುದ್ದಿ ಗೊತ್ತಾಯಿತು. ಕೊಳ್ಳುತ್ತೇವೆಂದು ಫೋನಿನಲ್ಲಿ ಹೇಳಿದವರ ವಿಳಾಸಕ್ಕೆ ಅಳಿಯ ಬಿಲ್ಲೆಯನ್ನು ಅಂಚೆಯಲ್ಲಿ ಕಳಿಸಿದ್ದನಂತೆ. ಅದು ತಲುಪಿದ ದಿನದಿಂದ ಆ ಫೋನು ಹತ್ತುತ್ತಿರಲಿಲ್ಲ. ನಾನು ಮಸಗುಪ್ಪಿಗೆ ಹೋದೆ. ಅವಳು ಅಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತ ಕೂತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಲಕ್ಷ ಹೋದ್ರ ಹೋಗ್ಲಿ ಬಿಡ್ರಿ, ಅದೇನ ನಂದಾಗಿತ್ತೇನು. ದೇವರನ್ನ ಪೋಸ್ಟಿಗೆ ಹಾಕಿದ್ನಲ್ರಿ ನಾ."

ನಾನೂ ಒಂದು ತೆನೆ ತೆಗೆದುಕೊಂಡು ಬಿಡಿಸತೊಡಗಿದೆ.

ಅಂಥವೇ ಬಿಲ್ಲೆಗಳು ನೆಟ್ಟಿನಲ್ಲಿ ರಾಶಿ ಬಿದ್ದಿದ್ದವು. ಪುಡಿಗಾಸಿಗೆ ಒಂದನ್ನು ತರಿಸಿದೆ. ಅದನ್ನು ಅವಳಿಗೆ ಕೊಡಲು ಮಾತ್ರ ಧೈರ್ಯ ಬರಲಿಲ್ಲ. ಬಹಳ ದಿನಗಳ ಮೇಲೆ ಮೂಡಲಗಿಗೆ ಹೋಗಿ ಕಾಕಾನ ಮುಂದಿಟ್ಟೆ. ಅವರು ಅದನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿದರು.

"ಕೊಡ್ರಿ, ಒಯ್ದು ಕೊಡ್ರಿ. ಆದ್ರ ಅದಽ ಸಿಕ್ತು ಅಂತ ಸುಳ್ಳ ಹೇಳಬ್ಯಾಡ್ರಿ. ನಾನೂ ಬರ್ತಿದ್ದೆ, ಮೊಣಕಾಲ ಕೇಳವಲ್ವು."

ಸುಳ್ಳು ಹೇಳಲಿಲ್ಲ. ಅವಳು ಬಿಲ್ಲೆಯನ್ನು ಎರಡೂ ಬದಿಗೆ ಹೊರಳಿಸಿ, ಸವೆದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಇದು ನಮ್ಮದಲ್ರಿ."

"ಅಲ್ಲ ಯಕ್ಕಾ."

"ನೋಡ್ರಿಲ್ಲಿ, ಸಂದ್ಯಾಗ ಕುಂಕುಮ ಐತಿ. ಇದೂ ಯಾರದೋ ಜಗಲಿ ಮ್ಯಾಲಿಂದ ಬಂದೈತಿ. ಆ ಪುಣ್ಯಾತಗಿತ್ತಿ ಎಷ್ಟ ಅತ್ತಾಳೋ ಏನೋ."

ನೆಟ್ಟಿನಲ್ಲಿ ಇಷ್ಟು ವರ್ಷ ಕೊಂಡಿದ್ದೆ. ಈ ಮಾತು ನನಗೆ ಹೊಳೆದಿರಲಿಲ್ಲ. ಅವಳು ಒಳಗೆ ಹೋಗಿ ಬಿಲ್ಲೆ ತೊಳೆದು, ಭಂಡಾರ ಹಚ್ಚಿ ಜಗಲಿಯ ಮೇಲಿಟ್ಟಳು. ಕುಂಕುಮವಿದ್ದ ಸಂದಿಯನ್ನು ಮಾತ್ರ ಉಜ್ಜಲಿಲ್ಲ. "ಇರ್ಲಿ, ಅಕಿದೂ ಇರ್ಲಿ," ಎಂದಳು. ಚಹಾಕ್ಕೆ ಇಟ್ಟಳು. ಕಟ್ಟೆಯ ಮೇಲೆ ಕೂತು ಇಬ್ಬರೂ ಕುಡಿದೆವು.

ಆಮೇಲೆ ನಾನು ರಸ್ತೆಗೆ ಬಂದು ಬಸ್ಸಿಗಾಗಿ ಕಾಯುತ್ತ ನಿಂತೆ. ಎರಡೂ ಕಡೆ ಹಾಲಿನ ಕ್ಯಾನು ತೂಗಿಸಿದ ಗಾಡಿಯೊಂದು ಮುಂದೆ ಹೋಗಿ, ನಿಂತು, ಹಿಂದೆ ಬಂತು.

"ನಾಣ್ಯದ ಬಾಯಾರ ಅಲ್ರಿ ನೀವು? ಇದಕ್ಕ ಎಷ್ಟ ಬರ್ತೈತ್ರಿ?"

ಗಾಡಿಯವನ ಅಂಗೈಯಲ್ಲಿ ಕಮಲದ ಹೂವಿನ ಹಿತ್ತಾಳೆಯ ಇಪ್ಪತ್ತು ಪೈಸೆ ಇತ್ತು. ಮನೆಮನೆಯಲ್ಲೂ ಇರುವಂಥದು.

"ಏನೂ ಬರಾಂಗಿಲ್ಲಪಾ. ಚಂದ ಐತಿ, ಇಟ್ಕೊ."

"ಅಷ್ಟನ್ರಿ?"

"ಅಷ್ಟಽ."

ಅವನು ನಂಬದವನಂತೆ ನನ್ನ ಮುಖವನ್ನೊಮ್ಮೆ ನೋಡಿ ಗಾಡಿ ಶುರು ಮಾಡಿದ. ಬಸ್ಸು ಇನ್ನೂ ಬಂದಿರಲಿಲ್ಲ. ಕಾಲು ನೋಯುತ್ತಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ.