ಎದುರುಬದುರು ಕೂತು ಹಾಡುವುದು

ಪಾಪನಿವೇದನೆಗೆ ಹೋದಾಗಲೆಲ್ಲ ಒಂದು ಸಂಗತಿಯನ್ನು ಮಾತ್ರ ನಾನು ಫಾದರ್ ಕಿವಿಗೆ ಹಾಕದೆ ಉಳಿಸಿಕೊಳ್ಳುತ್ತಿದ್ದೆ. ಸಿಟ್ಟು, ಚಾಡಿಮಾತು, ಮಾಂಸ ಮುಟ್ಟಬಾರದ ತಪಸ್ಸುಕಾಲದ ಶುಕ್ರವಾರ ಉಪ್ಪು ನೋಡುವ ನೆಪದಲ್ಲಿ ಬಾಯಿಗಿಟ್ಟ ಹಂದಿಮಾಂಸದ ತುಂಡು, ಎಲ್ಲವನ್ನೂ ಒಪ್ಪಿಸಿ ಇದೊಂದನ್ನು ನುಂಗಿಬಿಡುತ್ತಿದ್ದೆ. ತಿಂಗಳಿಗೆ ಮೂರು ಭಾನುವಾರ ನಾನು ಪ್ರಾಟೆಸ್ಟಂಟರ ಚರ್ಚಿನಲ್ಲಿ ಹಾಡುತ್ತಿದ್ದೆ. ಅದು ಪಾಪವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಕೇಳಿದರೆ ಎಲ್ಲಿ ಪಾಪ ಅಂದುಬಿಡುತ್ತಾರೋ ಎಂದು ಕೇಳಲೂ ಇಲ್ಲ. ಬಿಡಲು ಮನಸ್ಸಿರಲಿಲ್ಲ, ಅಷ್ಟೇ.

ಇದು ತೊಂಬತ್ತರ ದಶಕದ ಮಾತು. ನನ್ನ ಯಜಮಾನರು ಆಲೂರಿಗೂ ಬಾಳ್ಳುಪೇಟೆಗೂ ನಡುವೆ, ಹೆದ್ದಾರಿಯಿಂದ ಒಳಗೆ ಹೋದರೆ ಸಿಗುವ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರಾಗಿದ್ದರು. ಹಾಗಾಗಿ ನಾನು ಇಡೀ ಎಸ್ಟೇಟಿಗೆ ರೈಟ್ರಮ್ಮ. ಹುಟ್ಟಿದ್ದು ಮಂಗಳೂರಿನ ಕಡೆ, ನಮ್ಮ ಇಗರ್ಜಿಯ ಗಂಟೆ ಅಡುಗೆಮನೆಗೆ ಕೇಳುವಷ್ಟು ಹತ್ತಿರದಲ್ಲಿ. ಇಲ್ಲಿ ನಮ್ಮವರ ಇಗರ್ಜಿ ಇದ್ದದ್ದು ಸಕಲೇಶಪುರದಲ್ಲಿ. ಭಾನುವಾರದ ಬಸ್ಸು ನಮ್ಮನ್ನು ಅಲ್ಲಿಗೆ ಮುಟ್ಟಿಸುವ ಹೊತ್ತಿಗೆ ಪೂಜೆ ಅರ್ಧ ಮುಗಿದಿರುತ್ತಿತ್ತು, ಹಾಗಾಗಿ ತಿಂಗಳಿಗೊಮ್ಮೆ ಮಾತ್ರ ಹೋಗುತ್ತಿದ್ದೆವು. ಆದರೆ ಕೂಲಿಯವರ ಮನೆಗಳ ಸಾಲು, ಅಂದರೆ ಲೈನಿನ ಹಿಂದಿನ ದಿಬ್ಬ ಹತ್ತಿದರೆ ಸಾಕು, ಹಿಂದಿನ ಕಾಲದಲ್ಲಿ ಬಿಳಿಯ ಪ್ಲಾಂಟರುಗಳು ಕಟ್ಟಿಸಿದ್ದ ಒಂದು ಪುಟ್ಟ ಕಲ್ಲಿನ ಚರ್ಚು ಸಿಗುತ್ತಿತ್ತು. ಅವರು ಹೋಗುವಾಗ ಬೆಂಚುಗಳನ್ನು, ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಒಂದನ್ನು, ಕೀರ್ತನೆ ಹಾಡುವ ತಮ್ಮ ಪದ್ಧತಿಯನ್ನು ಇಲ್ಲಿಯ ಕನ್ನಡದ ಜನಕ್ಕೆ ಬಿಟ್ಟುಹೋಗಿದ್ದರು. ಬೆಂಚಿಗೆ ಗೆದ್ದಲು ಹಿಡಿದಿತ್ತು, ಹಾರ್ಮೋನಿಯಂನಲ್ಲಿ ಇಲಿ ಸಂಸಾರ ಹೂಡಿತ್ತು. ಪದ್ಧತಿ ಮಾತ್ರ ಗಟ್ಟಿಮುಟ್ಟಾಗಿತ್ತು.

ಆ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ಬೈಬಲಿನ ಕೀರ್ತನೆಗಳಿಗೆ ಪ್ರಾಸವಿಲ್ಲ, ವಚನ ಎಂದು ಕರೆಯುವ ಅವುಗಳ ಸಾಲುಗಳು ಒಂದೇ ಅಳತೆಯವೂ ಅಲ್ಲ. ಅದಕ್ಕೆ ಇಂಗ್ಲಿಷರು ಒಂದು ಉಪಾಯ ಕಂಡುಕೊಂಡಿದ್ದರು. ವಚನ ಎಷ್ಟೇ ಉದ್ದವಿರಲಿ, ಮಾತುಗಳನ್ನೆಲ್ಲ ಒಂದೇ ಸ್ವರದಲ್ಲಿ ಹೇಳಿಕೊಂಡು ಹೋಗಿ ಕೊನೆಯ ನಾಲ್ಕು ಅಕ್ಷರಕ್ಕೆ ಮಾತ್ರ ಏರಿಳಿಯುವುದು. ಹಾಸನದಿಂದ ಹೊರಟ ಬಸ್ಸು ನೇರವಾಗಿ ಬಂದು ಕೊನೆಗೆ ಘಾಟಿಯಲ್ಲಿ ಬಳುಕಿದ ಹಾಗೆ. ಪ್ರತಿ ವಚನದ ಅರ್ಧಕ್ಕೆ ಒಂದು ನಿಲುಗಡೆ. ಅಲ್ಲಿ ಎಲ್ಲರೂ ಒಟ್ಟಿಗೆ ಸುಮ್ಮನಾಗಿ ಮುಂದುವರಿಯಬೇಕು. ಇನ್ನು, ಒಂದು ವಚನ ಒಂದು ಕಡೆಯವರು ಹಾಡಿದರೆ ಮುಂದಿನದು ಎದುರು ಕಡೆಯವರದು. ಆ ಚರ್ಚಿನಲ್ಲಿ ಎಡಗಡೆ ಗಂಡಸರು, ಬಲಗಡೆ ಹೆಂಗಸರು, ಮಧ್ಯೆ ತೆಂಗಿನ ನಾರಿನ ಚಾಪೆ.

ಮೊದಲ ಭಾನುವಾರವೇ ನಾನು ಆ ನಿಲುಗಡೆಯಲ್ಲಿ ಬಿದ್ದೆ. ಮಂಗಳೂರಿನ ನಮ್ಮ ಕಡೆ ಹಾಡು ಹಿಡಿದರೆ ಮುಗಿಯುವ ತನಕ ಬಿಡುವುದಿಲ್ಲ. ಎಲ್ಲರೂ ಸುಮ್ಮನಾದ ಆ ಒಂದು ಕ್ಷಣದಲ್ಲಿ ನನ್ನ ಗಂಟಲೊಂದೇ ಕಲ್ಲಿನ ಗೋಡೆಗೆ ಬಡಿದು ವಾಪಸು ಬಂತು. ಹೆಂಗಸರ ಮುಂದಿನ ವಚನದಲ್ಲಿಯೂ ಬಂತು. ಹಾರ್ಮೋನಿಯಂ ನುಡಿಸುತ್ತಿದ್ದವರು ಸುಗುಣಮ್ಮ, ಆಲೂರಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಇಂಜೆಕ್ಷನ್ ಚುಚ್ಚಿದಷ್ಟೇ ಚೊಕ್ಕವಾಗಿ ಅವರು ಆಮೇಲೆ ಹೇಳಿದರು: “ಅಲ್ಲಿ ಉಸಿರು ತಗಳಕ್ಕೆ ಅಂತ ಜಾಗ ಬುಟ್ಟವ್ರೆ ಕಣಮ್ಮ, ತುಂಬಕ್ಕಲ್ಲ.” ಅದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ಕುಂದೂರಿನಿಂದ ನಮ್ಮ ಮನೆಗೆ ಬೆಣ್ಣೆ ತರುತ್ತಿದ್ದ ಗೌರಮ್ಮನಿಗೆ ಇದನ್ನೆಲ್ಲ ವರ್ಣಿಸಿದಾಗ ಆಕೆ, ತಮ್ಮ ಮಠದ ಭಜನೆಯಲ್ಲೂ ಎರಡು ಗುಂಪು ಉಂಟು ಎಂದಳು. ಯೋಚಿಸಿ ನೋಡಿದರೆ ವ್ಯತ್ಯಾಸವಿದೆ. ಭಜನೆಯಲ್ಲಿ ಒಬ್ಬರು ಹೇಳಿದ್ದನ್ನೇ ಉಳಿದವರು ತಿರುಗಿ ಹೇಳುತ್ತಾರೆ. ಇಲ್ಲಿ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಗಂಡಸರು ಕಷ್ಟ ಹೇಳಿಕೊಂಡರೆ ಹೆಂಗಸರು ಧೈರ್ಯ ಹೇಳುವುದು, ಹೆಂಗಸರು ಕೇಳಿದ ಪ್ರಶ್ನೆಗೆ ಗಂಡಸರು ಉತ್ತರ ಕೊಡುವುದು, ಹೀಗೆ. ಎಷ್ಟೋ ಮನೆಗಳಲ್ಲಿ ವಾರವಿಡೀ ನಡೆಯದ ಮಾತುಕತೆ ಅಲ್ಲಿ ಭಾನುವಾರ ನಡೆಯುತ್ತಿತ್ತು. ಶತ್ರುಗಳನ್ನು ಶಪಿಸುವ ವಚನಗಳು ಅದೇಕೋ ಹೆಚ್ಚಾಗಿ ಗಂಡಸರ ಪಾಲಿಗೆ ಬರುತ್ತಿದ್ದವು. ನಮಗೂ ಶಪಿಸಲು ಜನ ಇದ್ದರು ಎಂಬುದನ್ನು ಯಾರೂ ಗಮನಿಸಿದಂತಿರಲಿಲ್ಲ.

ನಾನು ಸೇರಿದಾಗ ಗಂಡಸರ ಕಡೆ ಐದು ಜನ. ಒಬ್ಬರು ತೀರಿಕೊಂಡರು, ಒಬ್ಬರಿಗೆ ಹಾಸನಕ್ಕೆ ವರ್ಗವಾಯಿತು, ಅಣ್ಣತಮ್ಮಂದಿರಿಬ್ಬರು ಗಿಟಾರು, ಡ್ರಮ್ಮು ಇರುವ ಹೊಸ ಪ್ರಾರ್ಥನಾ ಕೂಟಕ್ಕೆ ಹೋದರು. ಕೊನೆಗೆ ಉಳಿದವರು ಯೋಹಾನಪ್ಪ ಮೇಷ್ಟ್ರು ಒಬ್ಬರೇ. ಎಪ್ಪತ್ತು ದಾಟಿದ ಸಣ್ಣ ದೇಹ, ಗುಂಡಿ ಕುತ್ತಿಗೆಯವರೆಗೆ ಹಾಕಿದ ಕೋಟು, ಎದೆಯಲ್ಲಿ ಉಬ್ಬಸ. ಈ ಕಡೆ ನಾವು ಏಳು ಜನ ಹೆಂಗಸರು ಒಂದು ವಚನ ಮುಗಿಸಿ ಕೂತರೆ, ಆ ಕಡೆಯಿಂದ ಅವರೊಬ್ಬರೇ ಉತ್ತರ ಕೊಡುತ್ತಿದ್ದರು. ತೆಳ್ಳಗಿನ ದನಿ, ಆದರೆ ಒಂದು ಅಕ್ಷರವೂ ಜಾರುತ್ತಿರಲಿಲ್ಲ. ಅವರು ಶತ್ರುಗಳನ್ನು ಶಪಿಸುವುದನ್ನು ಕೇಳಿದರೆ ಶತ್ರುಗಳಿಗೂ ಅಯ್ಯೋ ಅನ್ನಿಸಬೇಕು.

ಹಾಸನದಿಂದ ಬರುತ್ತಿದ್ದ ಸಭಾಪಾಲಕರು, ಅವರನ್ನು ಎಲ್ಲರೂ ಅಯ್ಯನೋರು ಅನ್ನುತ್ತಿದ್ದರು, ವಯಸ್ಸಿನಲ್ಲಿ ಚಿಕ್ಕವರು, ಮನಸ್ಸು ಒಳ್ಳೆಯದು. ಚಳಿಗಾಲದಲ್ಲಿ ಮೇಷ್ಟ್ರ ಉಬ್ಬಸ ಜೋರಾದಾಗ ಅವರಿಗೆ ಕರುಣೆ ಉಕ್ಕಿತು. ಇನ್ನು ಈ ಎರಡು ಕಡೆಯ ಪದ್ಧತಿ ಸಾಕು, ಎಲ್ಲರೂ ಒಟ್ಟಿಗೇ ಹಾಡೋಣ, ಮೇಷ್ಟ್ರಿಗೆ ಶ್ರಮ ತಪ್ಪುತ್ತದೆ ಎಂದರು. ಯಾವುದಕ್ಕೂ ಎದುರಾಡದ ಮೇಷ್ಟ್ರು ಅಂದು ಎದ್ದು ನಿಂತರು.

“ಎಲ್ಲಾ ಒಟ್ಟಿಗೇ ಹೇಳ್ಬುಟ್ರೆ ಕೇಳೋರು ಯಾರು ಅಯ್ನೋರೇ?”

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದವರೆಗೆ ಹೀಗೇ ನಡೆಯಲಿ, ಆ ದಿನದ ಕೀರ್ತನೆಯನ್ನು ಗಂಡಸರ ಕಡೆ ಪೂರ್ತಿ ನಿಭಾಯಿಸಿದರೆ ಪದ್ಧತಿ ಉಳಿಯಲಿ, ಇಲ್ಲದಿದ್ದರೆ ಈಸ್ಟರಿನಿಂದ ಎಲ್ಲರೂ ಒಟ್ಟಿಗೆ ಎಂದು ಅಯ್ಯನೋರು ತೀರ್ಮಾನ ಕೊಟ್ಟರು. ಹಾಗಾದರೆ ತಾನು ಈಸ್ಟರಿನಿಂದ ಮನೆಯಲ್ಲೇ ಓದಿಕೊಳ್ಳುತ್ತೇನೆ ಎಂದು ಮೇಷ್ಟ್ರು ಸುಗುಣಮ್ಮನ ಹತ್ತಿರ ಹೇಳಿದರಂತೆ. ಅದನ್ನು ಕೇಳಿ ನನಗೆ ಎರಡು ದಿನ ಊಟ ರುಚಿಸಲಿಲ್ಲ. ಆ ಮನುಷ್ಯನಿಗೆ ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ವಾರದಲ್ಲಿ ಅವರ ಮಾತಿಗೆ ಇನ್ನೊಂದು ಕಡೆಯಿಂದ ಉತ್ತರ ಬರುತ್ತಿದ್ದದ್ದು ಅಲ್ಲಿ ಮಾತ್ರ.

ನನಗೆ ಹೊಳೆದ ಉಪಾಯ ನನ್ನ ಯಜಮಾನರು. ಅವರೂ ಗಂಡಸರೇ ತಾನೇ. ಒಂದು ತಿಂಗಳು ಸಂಜೆ ಹೊತ್ತು ಅಡುಗೆಮನೆಯಲ್ಲಿ ಕೂರಿಸಿ ಕಲಿಸಿದೆ. ಒಂದೇ ಸ್ವರದಲ್ಲಿ ನಿಲ್ಲಬೇಕಾದ ಕಡೆ ಅವರಿಗೆ ನಾಲ್ಕು ಸ್ವರ ಬರುತ್ತಿದ್ದವು, ನಾಲ್ಕು ಸ್ವರ ಬೇಕಾದ ಕಡೆ ಒಂದೂ ಬರುತ್ತಿರಲಿಲ್ಲ. ಕೊನೆಗೆ ಅವರೇ ನನ್ನ ಮೇಲೆ ದಯೆ ತೋರಿಸಿ ನಿಲ್ಲಿಸಿದರು.

ಗರಿಗಳ ಭಾನುವಾರ ಬಂತು. ಕೀರ್ತನೆ ಉದ್ದದ್ದು. ಮೊದಲನೆಯ ವಚನ, ಮೂರನೆಯದು, ಐದನೆಯದು, ಮೇಷ್ಟ್ರು ಹೇಗೋ ದಾಟಿಸಿದರು. ಏಳನೆಯದರ ಅರ್ಧ ಹಾಡಿ ನಿಲುಗಡೆಗೆ ಬಂದವರು ಅಲ್ಲೇ ಉಳಿದರು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಸುಗುಣಮ್ಮ ಬೆರಳು ಎತ್ತದೆ ಆ ಸ್ವರವನ್ನು ಹಾಗೇ ಹಿಡಿದು ತುಳಿಯುತ್ತಾ ಕೂತರು. ಅಯ್ಯನೋರು ಪುಸ್ತಕದಿಂದ ತಲೆಯೆತ್ತಿದರು. ಇನ್ನೇನು ಕೈ ಎತ್ತಿ ಎಲ್ಲರೂ ಹಾಡಿ ಅನ್ನುತ್ತಾರೆ ಎಂದು ಗೊತ್ತಾಯಿತು. ನಾನು ಎದ್ದು, ಚಾಪೆ ದಾಟಿ, ಗಂಡಸರ ಕಡೆಯ ಮುಂದಿನ ಬೆಂಚಿಗೆ ಹೋಗಿ ಮೇಷ್ಟ್ರ ಪಕ್ಕ ನಿಂತು ಉಳಿದರ್ಧವನ್ನು ಹಾಡಿದೆ. ಧೈರ್ಯದ ಮಾತೇನಲ್ಲ. ಖಾಲಿ ಜಾಗ ಕಂಡರೆ ತುಂಬುವ ನನ್ನ ಹಳೆಯ ಚಾಳಿ ಅದು.

ಆಮೇಲೆ ಏನಾಯಿತೆಂದು ಮೊದಲು ಹೇಳಿಬಿಡುತ್ತೇನೆ. ಹೆಂಗಸು, ಅದರಲ್ಲೂ ಕ್ಯಾಥೊಲಿಕ್ ಹೆಂಗಸು, ಆ ಕಡೆ ಕೂರಬಾರದೆಂಬ ನಿಯಮ ಎಲ್ಲಾದರೂ ಇದೆಯೇ ಎಂದು ಅಯ್ಯನೋರು ಹುಡುಕಿದರಂತೆ, ಸಿಗಲಿಲ್ಲ. ಪದ್ಧತಿ ಉಳಿಯಿತು. ಮುಂದಿನ ವಾರ ನನ್ನ ಯಜಮಾನರು ತಾವಾಗಿಯೇ ಇಸ್ತ್ರಿ ಅಂಗಿ ಹಾಕಿ ಬಂದು ನನ್ನ ಪಕ್ಕ ಕೂತರು. ರೈಟ್ರ ಹೆಂಡತಿ ಒಬ್ಬಳೇ ಗಂಡಸರ ಕಡೆ ಕೂತಳು ಎಂದು ಲೈನಿನವರು ಆಡಿಕೊಳ್ಳುವುದು ಬೇಡ ಎಂದು. ಅವರು ಹಾಡಲಿಲ್ಲ, ಮೇಷ್ಟ್ರಿಗೆ ಪುಟ ತೆಗೆದು ಕೊಡುವ ಕೆಲಸ ಹಿಡಿದರು. ಎಡಗಡೆಯ ಬೆಂಚಿಗೆ ಬಿಸಿಲು ಬೀಳುತ್ತದೆಂದು ಇನ್ನಿಬ್ಬರು ಹೆಂಗಸರು ಬಂದರು. ವರ್ಷ ಕಳೆಯುವುದರಲ್ಲಿ ಅದು ಗಂಡಸರ ಕಡೆ, ಇದು ಹೆಂಗಸರ ಕಡೆ ಎಂಬುದೇ ಹೋಗಿ, ಬರೀ ಈ ಕಡೆ, ಆ ಕಡೆ ಎಂದಾಯಿತು.

ಆದರೆ ಆ ಭಾನುವಾರ ಇನ್ನೂ ಒಂದು ಸಂಗತಿ ನಡೆಯಿತು. ಏಳನೆಯ ವಚನ ಮುಗಿಸಿದ ಹುಮ್ಮಸ್ಸಿನಲ್ಲಿ ನಾನು ಎಂಟನೆಯದನ್ನೂ ಎತ್ತಿಕೊಂಡೆ. ವರ್ಷಗಳಿಂದ ಅದು ನನ್ನ ವಚನವೇ ಅಲ್ಲವೇ. ಮೇಷ್ಟ್ರು ನನ್ನ ಪುಸ್ತಕದ ಮೇಲೆ ಅಂಗೈ ಇಟ್ಟರು.

“ಅದು ಅವ್ರುದ್ದು ಕಣ್ರೀ ರೈಟ್ರಮ್ಮ. ನಾವೀಗ ಕೇಳ್ಬೇಕು.”

ಬಾಯಿ ಮುಚ್ಚಿಕೊಂಡೆ. ಎದುರು ಕಡೆಯ ಆರು ಜನ ಹೆಂಗಸರು ಎಂಟನೆಯ ವಚನ ಹಾಡಿದರು. ಅಷ್ಟು ವರ್ಷ ಅವರ ಮಧ್ಯೆ ಕೂತಿದ್ದೆ, ಅವರು ಹಾಡುವುದನ್ನು ಒಂದು ದಿನವೂ ಕೇಳಿರಲಿಲ್ಲ. ಒಂದೇ ಸ್ವರ ಅವರೆಲ್ಲರ ಗಂಟಲಿನಿಂದ ಹೊರಟು, ನಡುವೆ ನಿಂತು, ಸದ್ದಿಲ್ಲದ ಆ ಜಾಗವನ್ನು ದಾಟಿ, ಕೊನೆಗೆ ಮೆಲ್ಲಗೆ ಇಳಿದು ನಮ್ಮ ಬೆಂಚಿನ ಹತ್ತಿರ ಬಂತು. ನಾನಿಲ್ಲದೆ ಅವರು ಇಷ್ಟು ಚೆನ್ನಾಗಿ ಹಾಡುತ್ತಾರೆಯೇ ಎಂದು ನನಗೆ ಸ್ವಲ್ಪ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಕಣ್ಣು ತುಂಬಿ ಬಂತು. ಹಾಗೇ ಕೇಳುತ್ತಾ ನಿಂತುಬಿಟ್ಟಿದ್ದೆ. ಮೇಷ್ಟ್ರು ಮೊಣಕೈಯಿಂದ ಮೆಲ್ಲಗೆ ತಿವಿದಾಗ ನೋಡುತ್ತೇನೆ, ಒಂಬತ್ತನೆಯ ವಚನಕ್ಕೆ ಇಡೀ ಚರ್ಚು ಸುಮ್ಮನಾಗಿ ನನ್ನನ್ನೇ ಕಾಯುತ್ತಿತ್ತು.