ಭಾವನಿಗೆ ಬೇಡವಾದ ಬೇರಿಂಗು

ನನ್ನ ಷಡ್ಡಕರ ಹೆಬ್ಬೆರಳು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಗಿಡ್ಡನೆಯ ದಪ್ಪ ಬೆರಳು, ಉಗುರಿನ ಬುಡದಲ್ಲಿ ಎಷ್ಟು ತಿಕ್ಕಿದರೂ ಹೋಗದ ಗ್ರೀಸಿನ ಕಪ್ಪು. ಊಟಕ್ಕೆ ಕೂತರೆ ಎಡಗೈಯದು ತೊಡೆಯ ಮೇಲೆ ಹಿಂದೆ ಮುಂದೆ ಆಡುತ್ತಿತ್ತು. ಕಾಣದ ರಿಮೋಟಿನ ಕಡ್ಡಿ ದೂಡುತ್ತಿದ್ದಾರೆ ಅಂತ ನನಗೆ ಗೊತ್ತು. ಮಿಕ್ಕವರು, ಪಾಪ, ನರದ ತೊಂದರೆ ಅಂದುಕೊಳ್ಳುತ್ತಿದ್ದರು.

ನನ್ನ ಹೆಂಡತಿಯ ಅಕ್ಕನ ಗಂಡ ಅವರು. ನಾನು ಭಾವ ಅನ್ನುತ್ತಿದ್ದೆ. ಅಂಧೇರಿಯಲ್ಲಿ ಮನೆ, ವಿಮಾನದ ಸರಕು ಸಾಗಿಸುವ ಆಫೀಸಿನಲ್ಲಿ ಕೆಲಸ, ಆಗಾಗ ಸಿಂಗಪುರ. ನಾನು ಆಂಟಾಪ್ ಹಿಲ್ಲಿನ ಸರ್ಕಾರಿ ಕ್ವಾರ್ಟರ್ಸಿನವನು, ನನ್ನ ಪ್ರವಾಸವೆಂದರೆ ರಜೆಯಲ್ಲಿ ಮೈಸೂರು. ಮಾವನ ಮನೆಯಲ್ಲಿ ಅಳಿಯಂದಿರಿಬ್ಬರನ್ನೂ ಪಕ್ಕಪಕ್ಕದಲ್ಲೇ ಕೂರಿಸಿ ಬಡಿಸುತ್ತಿದ್ದರು. ಆದರೆ ಅತ್ತೆಯವರ ತುಪ್ಪದ ಮಿಳ್ಳೆ ಅವರ ಹೋಳಿಗೆಯ ಮೇಲೆ ಬಗ್ಗಿದಷ್ಟು ನನ್ನದರ ಮೇಲೆ ಬಗ್ಗುತ್ತಿರಲಿಲ್ಲ. ಹೇಳಿದರೆ ಹೆಂಡತಿ, “ಥೂ, ತುಪ್ಪಕ್ಕೂ ಹೊಟ್ಟೆಕಿಚ್ಚಾ ನಿಮಗೆ?” ಅನ್ನುತ್ತಿದ್ದಳು. ಹೂಂ, ತುಪ್ಪಕ್ಕೂ.

ರಿಮೋಟಿನಲ್ಲಿ ಓಡಿಸುವ ಆ ಕಾರನ್ನು ಅವರು ಎಂಬತ್ತರ ದಶಕದ ನಡುವಿನಲ್ಲಿ ಸಿಂಗಪುರದಿಂದ ತಂದರು. ಮಕ್ಕಳ ಆಟಿಕೆ ಅಲ್ಲ. ಬಿಡಿಬಿಡಿ ಸಾಮಾನು ಡಬ್ಬಿಯಲ್ಲಿ ಬರುತ್ತಿತ್ತು, ನಾವೇ ಕೂತು ಜೋಡಿಸಬೇಕು. ಮೊಳದುದ್ದದ ಕಾರು, ಮುಳ್ಳುಮುಳ್ಳಿನ ಟಯರು, ಕಲ್ಲು ಮಣ್ಣು ಗುಂಡಿ ಏನಿದ್ದರೂ ಹಾರಿಕೊಂಡು ಹೋಗುತ್ತಿತ್ತು. ಅವರ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ನನ್ನ ಕೈಗೂ ಒಮ್ಮೆ ಕೊಟ್ಟರು. ಯಾರದೋ ಸ್ಕೂಟರಿಗೆ ಗುದ್ದಿಸಿದೆ. ಅವರು ಬೈಯಲಿಲ್ಲ, ನಕ್ಕರು. ಬೈದಿದ್ದರೆ ನಾನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆನೋ ಏನೋ. ಬೋನಸ್ ಬಂದ ತಿಂಗಳು ಕ್ರಾಫರ್ಡ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಹುಡುಕಿ ಅಂಥದ್ದೇ ಒಂದನ್ನು ತಂದೆ. ಹೆಂಡತಿ ವಾರಗಟ್ಟಲೆ ಸರಿಯಾಗಿ ಮಾತಾಡಲಿಲ್ಲ.

ಸಯನ್ನಿನ ಒಂದು ಮೈದಾನದ ಮೂಲೆಯಲ್ಲಿ ಭಾನುವಾರ ಬೆಳಿಗ್ಗೆ ರೇಸು. ಕ್ರಿಕೆಟ್ ಹುಡುಗರು ಬರುವ ಮುಂಚೆ ಮುಗಿಯಬೇಕು. ಹಳೆ ಸ್ಕೂಟರ್ ಟಯರು ಹಾಕಿ ದಾರಿ, ಇಟ್ಟಿಗೆ ಮಣ್ಣು ಪೇರಿಸಿ ದಿಬ್ಬ. ದೊಡ್ಡ ದೊಡ್ಡ ಸಂಸಾರಸ್ಥರು ತಳ್ಳುಗಾಡಿಯ ಮೇಲೆ ರಿಮೋಟು ಹಿಡಿದು ಸಾಲಾಗಿ ನಿಂತುಕೊಳ್ಳುತ್ತಿದ್ದೆವು. ಭಾವ ಗೆಲ್ಲುತ್ತಿದ್ದರು. ನಾನು ಎರಡನೆಯವನು, ಕೆಲವು ಸಲ ಮೂರನೆಯವನು. ಅವರು ಗೆದ್ದು ಗಾಡಿಯಿಂದ ಇಳಿದು, “ಚಲೋ, ಚಾಯ್ ನನ್ನ ಕಡೆಯಿಂದ” ಅನ್ನುವಾಗ ನನಗೆ ಚಹಾ ಕುಡಿಯಲೂ ಆಗದಷ್ಟು ಉರಿಯುತ್ತಿತ್ತು.

ಒಂದೇ ಒಂದು ಸಲ ಈ ಮನುಷ್ಯನನ್ನು ಸೋಲಿಸಬೇಕು. ಪ್ರಮೋಷನ್ನು, ಸ್ವಂತ ಮನೆ ಎಲ್ಲ ಆಮೇಲೆ.

ಯಾಕೆ ಸೋಲುತ್ತೇನೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅವರಿಗೆ ಸಿಂಗಪುರ ಇತ್ತು. ನನ್ನ ಕಾರಿನ ಚಕ್ರ ತಿರುಗುತ್ತಿದ್ದದ್ದು ಡಬ್ಬಿಯಲ್ಲೇ ಬಂದ ಪ್ಲಾಸ್ಟಿಕ್ ಬುಷ್ ಅನ್ನುವ ಪುಟ್ಟ ಬಳೆಯ ಮೇಲೆ. ಬೆರಳಲ್ಲಿ ಹೊಡೆದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಒಂದು ದಿನ ಭಾವ ಕಾಗದದ ಪೊಟ್ಟಣವೊಂದನ್ನು ಕೈಗಿಟ್ಟು, “ಸ್ಟೀಲ್ ಬೇರಿಂಗು. ನನಗೆ ಬೇಡವಾಯ್ತು, ನೀವು ಹಾಕ್ಕೊಳ್ಳಿ” ಅಂದರು. ಹಾಕಿದೆ. ಚಕ್ರ ಹೊಡೆದರೆ ಸುಯ್ಯೆಂದು ತಿರುಗುತ್ತಲೇ ಇರುತ್ತಿತ್ತು. ಖುಷಿಯಾಗುವ ಬದಲು ನಾನು ಯೋಚಿಸಿದ್ದು ಏನು? ಇದೇ ಬೇಡವಾಯ್ತು ಅಂದರೆ ಇದಕ್ಕಿಂತ ಒಳ್ಳೆಯದು ಏನೋ ಬಂದಿದೆ, ಅಲ್ಲವೇ! ಆಮೇಲೆ ಬ್ಯಾಟರಿ ಬಂತು, ಟಯರು ಬಂತು, ಎಲ್ಲ “ನನಗೆ ಬೇಡವಾಯ್ತು” ಅಂತಲೇ. ಅಣ್ಣನ ಹಳೆ ಅಂಗಿ ತೊಡುವ ತಮ್ಮನ ಹಾಗೆ ನಾನು ತೊಟ್ಟೆ, ಸೋತೆ, ಕುದ್ದೆ.

ಒಮ್ಮೆ ಹಟ ಹಿಡಿದೆ. ಇವರ ಹಂಗೇ ಬೇಡ ಅಂತ ಆಫೀಸಿನ ಗೆಳೆಯನ ನೆಂಟರ ಮೂಲಕ ಹಾಂಗ್‌ಕಾಂಗಿನಿಂದ ಜೋರು ಮೋಟಾರು ತರಿಸಿ ಹಾಕಿದೆ. ಆ ಭಾನುವಾರ ಮೊದಲ ಬಾರಿಗೆ ಭಾವನ ಕಾರು ನನ್ನ ಹಿಂದೆ! ಕಿರುಚಬೇಕು ಅನ್ನಿಸಿತು. ಕೊನೆಯ ಸುತ್ತಿನಲ್ಲಿ ಕರ್ರ್ ಅಂತ ಸದ್ದಾಗಿ, ಮೋಟಾರು ಹುಚ್ಚೆದ್ದು ತಿರುಗುತ್ತಿದೆ, ಕಾರು ನಿಂತಲ್ಲೇ ನಿಂತಿದೆ. ಜೋರು ಮೋಟಾರಿಗೆ ಪ್ಲಾಸ್ಟಿಕ್ ಗೇರಿನ ಹಲ್ಲು ಪೂರಾ ಸವೆದುಹೋಗಿತ್ತು. ಭಾವ ಗೆದ್ದು ಬಂದು, ಬಗ್ಗಿ ನೋಡಿ, “ಅರೇ, ಮೋಟಾರ್ ಬದಲಾಯಿಸಿದೋರು ಗೇರ್ ಬದಲಾಯಿಸ್ಬೇಕು ಅಲ್ವೇನ್ರೀ” ಅಂದವರೇ ತಮ್ಮ ರೆಕ್ಸಿನ್ ಚೀಲದಿಂದ ಲೋಹದ ಗೇರೊಂದನ್ನು ತೆಗೆದರು. ಅದೂ ಅವರಿಗೆ ಬೇಡವಾಗಿತ್ತಂತೆ. ನನಗೆ ಎಲ್ಲಾದರೂ ಹೋಗಿ ಸಮುದ್ರಕ್ಕೆ ಹಾರಿಕೊಳ್ಳೋಣ ಅನ್ನಿಸಿತು. ಗೇರನ್ನು ಮಾತ್ರ ತೆಗೆದುಕೊಂಡೆ.

ತೊಂಬತ್ತರ ಹೊಸತರಲ್ಲಿ ಅವರ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಯ ಮಂಚದ ಮೇಲೆ ಅಂಗಾತ ಮಲಗಿ, ಪಕ್ಕದ ಸ್ಟೂಲಿನಲ್ಲಿ ಕೂತ ಅತ್ತಿಗೆಗೆ ಕಣ್ಸನ್ನೆ ಮಾಡಿದರು. ಅತ್ತಿಗೆ ಮಂಚದ ಕೆಳಗಿಂದ ರೆಕ್ಸಿನ್ ಚೀಲ ಎಳೆದು ಕೊಟ್ಟರು. “ಈ ಭಾನುವಾರ ನನ್ನ ಕಾರು ನೀವೇ ಓಡಿಸಿ. ಸುಮ್ಮನೆ ಕೂತ್ರೆ ಕೆಟ್ಟು ಹೋಗತ್ತೆ” ಅಂದರು ಭಾವ.

ನಾಚಿಕೆ ಬಿಟ್ಟು ಹೇಳುತ್ತೇನೆ, ಅವರ ಊದಿದ ಮುಖಕ್ಕಿಂತ ಆ ಚೀಲವೇ ನನ್ನ ಕಣ್ಣು ತುಂಬಿತ್ತು. ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಅದರ ಹೊಂಬಣ್ಣದ ಶಾಕ್ ಅಬ್ಸಾರ್ಬರಿನ ಮೇಲೆ ನನಗೆ ವರ್ಷಗಳಿಂದ ಕಣ್ಣು. ಇವರ ಗುಟ್ಟೇನು ನೋಡೇಬಿಡೋಣ ಅಂತ ಮನೆಗೆ ಬಂದವನೇ ಸ್ಕ್ರೂಡ್ರೈವರ್ ಹಿಡಿದೆ.

ಚಕ್ರಕ್ಕೆ ಬೆರಳಲ್ಲಿ ಹೊಡೆದೆ. ಅರ್ಧ ಸುತ್ತಿಗೆ ನಿಂತಿತು. ಬಿಚ್ಚಿದೆ. ಬಿಳಿ ಪ್ಲಾಸ್ಟಿಕ್ ಬುಷ್ಷು, ಅದೂ ಸವೆದದ್ದು. ಮೋಟಾರು ಡಬ್ಬಿಯಲ್ಲೇ ಬಂದಿದ್ದ ಮೊದಲಿನ ಮೋಟಾರು. ಹೊಂಬಣ್ಣದ ಶಾಕಿನಲ್ಲಿ ಎಣ್ಣೆಯ ಹನಿಯೂ ಇಲ್ಲ, ಯಾವಾಗಲೋ ಸೋರಿಹೋಗಿದೆ. ಹೆಂಡತಿ ಕಾಫಿ ತಂದವಳು, “ಏನ್ರೀ, ಭೂತ ನೋಡಿದೋರ ಹಾಗೆ ಕೂತಿದ್ದೀರಿ?” ಅಂದಳು. ಒಳ್ಳೆಯದೆಲ್ಲ ನನ್ನ ಕಾರಿನಲ್ಲಿತ್ತು. ಇದನ್ನು ಹಿಡಿದುಕೊಂಡು ಅವರು ನನ್ನನ್ನು ಇಷ್ಟು ವರ್ಷ ಬಡಿದಿದ್ದರು.

ಭಾನುವಾರ ಅದನ್ನೇ ಓಡಿಸಿದೆ. ದಿಬ್ಬ ಹಾರಿದರೆ ಕಪ್ಪೆಯ ಹಾಗೆ ಕುಪ್ಪಳಿಸಿ ಮಗುಚಿಕೊಳ್ಳುತ್ತಿತ್ತು. ಭಾವ ಪ್ರತಿವಾರ ಸುತ್ತು ಹಾಕಿ ಹಿಂದೆ ಬಿಡುತ್ತಿದ್ದ ಮೆಡಿಕಲ್ ಶಾಪಿನ ಗುಜರಾತಿಯೂ ನನ್ನನ್ನು ದಾಟಿ ಹೋದ. ಎಲ್ಲರಿಗಿಂತ ಕೊನೆಯವನಾದೆ.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದೆ.

“ಭಾವ, ನಿಮ್ಮ ಕಾರು ಓಡೋದೇ ಇಲ್ಲ.”

“ಓಡತ್ತೆ. ತಿರುವಿಗೆ ಮುಂಚೆನೇ ಕೈ ಸಡಿಲ ಬಿಡ್ಬೇಕು. ನೀವು ಯಾವಾಗಲೂ ಲೇಟು.”

“ಬೇರಿಂಗು, ಬ್ಯಾಟರಿ ಎಲ್ಲ ನನಗ್ಯಾಕೆ ಕೊಟ್ರಿ?”

ಉಸಿರಿಗೆ ಕಷ್ಟಪಡುತ್ತಿದ್ದರು. ಆದರೂ ಆ ನಗು. “ನನಗೇನೂ ಕಮ್ಮಿ ಬೀಳ್ತಿರ್ಲಿಲ್ಲ ಕಣ್ರೀ. ನಿಮ್ಮನ್ನ ಹತ್ತಿರ ತರ್ಬೇಕಿತ್ತು. ಹಿಂದೆ ಯಾರೂ ಸರಿಯಾಗಿ ಅಟ್ಟಿಸ್ಕೊಂಡು ಬರದಿದ್ರೆ ಓಡಿಸೋದಕ್ಕೆ ಏನು ಮಜಾ?”

ಹಿಂದೆ! ಸಾಯಲು ಮಲಗಿದವರು, ಆಗಲೂ ನನ್ನನ್ನು ಇಟ್ಟದ್ದು ಹಿಂದೆಯೇ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, “ನೀವು ಎದ್ದು ಬನ್ನಿ, ತೋರಿಸ್ತೀನಿ” ಅಂದೆ. “ಬರ್ತೀನಿ” ಅಂದರು.

ಬರಲಿಲ್ಲ. ಸಯನ್ನಿನ ಸ್ಮಶಾನದಲ್ಲಿ ಎಲ್ಲರ ನಡುವೆ ನಿಂತು ನಾನು ಅತ್ತ ರೀತಿ ನೋಡಿ ಭಾವನ ಕಡೆಯವರು, ಷಡ್ಡಕರು ಅಂದರೆ ಹೀಗಿರಬೇಕು ಅಂದರಂತೆ. ದುಃಖ ಇತ್ತು, ಬೆಟ್ಟದಷ್ಟಿತ್ತು. ಜೊತೆಗೆ ಸಿಟ್ಟೂ ಇತ್ತು. ಅದಾದ ಮೇಲೆ ಮೈದಾನದಲ್ಲಿ ಭಾನುವಾರಗಳನ್ನು ನಾನೇ ಗೆದ್ದೆ, ಸಾಲುಸಾಲಾಗಿ ಗೆದ್ದೆ. ಒಮ್ಮೆ ಗೆದ್ದು ಗಾಡಿಯಿಂದ ಇಳಿಯುವಾಗ ಗುಜರಾತಿ ಬೆನ್ನು ತಟ್ಟಿ ಹಿಂದಿಯಲ್ಲಿ, “ಈಗ ನಿಮ್ಮ ಮುಂದೆ ಯಾರೂ ಇಲ್ಲ ಬಿಡಿ” ಅಂದ. ಅವನು ಹೊಗಳಿದ್ದು. ನಾನು ರಿಮೋಟನ್ನು ಅವನ ಕೈಗೇ ಕೊಟ್ಟು ಮನೆಗೆ ಬಂದೆ.